ಅವ್ವನ ಎಡೆಗೆ ಪೂರಿ

"ಅವ್ವ ಯಾವತ್ತಾರ ಪೂರಿ ತಿಂದಿದ್ಲೇನು, ಹೇಳು."

ಅಕ್ಕ ಬಸ್ಸಮ್ಮ ಕೇಳುತ್ತಿದ್ದಂತೆ ತಾಯಣ್ಣ ಡಬ್ಬಿಯ ಮುಚ್ಚಳ ತೆರೆದ. ರಾಯಚೂರಿನ ಹೋಟೆಲಿನಿಂದ ಮಾನ್ವಿಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ ಪೂರಿ, ಆಲೂಗಡ್ಡೆ ಪಲ್ಯ. ಅವ್ವ ಸತ್ತು ಹನ್ನೊಂದನೆಯ ದಿನ. ಸತ್ತವರಿಗೆ ಇಷ್ಟವಾದದ್ದನ್ನೇ ಎಡೆ ಇಡಬೇಕು. ಅಕ್ಕ ನಸುಕಿನಲ್ಲೆದ್ದು ಮಾಡಿದ್ದ ರೊಟ್ಟಿ, ಪುಂಡಿಪಲ್ಯಗಳನ್ನು ಅವನು ಒಳಗೇ ಇಡಿಸಿದ್ದ.

"ಮಂದಿ ಬರಾಕತ್ತ್ಯಾರ, ಅಕ್ಕಾ."

"ಮಂದಿ ಅಲ್ಲ, ಆಕಿ ಬರಾಕತ್ತ್ಯಾಳ ಅನ್ನು. ಇದು ಸತ್ತಾಕಿಗೆ ಎಡೀನೋ, ಆಕಿಗೆ ಫಲಾರಾನೋ?"

ಆಕೆ ಇಂದುಮತಿ. ರಾಯಚೂರಿನಲ್ಲಿ ಅವನದೇ ಕಾಲೇಜಿನಲ್ಲಿ ಅವನಂತೆ ಪಾಠ ಹೇಳುವವಳು. ಸಮಾನತೆಯ ಬಗ್ಗೆ ಮಾತಾಡುತ್ತ ಇಬ್ಬರೂ ಎಷ್ಟೋ ಸಂಜೆ ಹೋಟೆಲುಗಳಲ್ಲಿ ಚಹಾ ಕುಡಿದಿದ್ದರು. ಮದುವೆಯ ಮಾತೂ ಆಗಿತ್ತು. ಊರ ಹೊರಗಿನ ಈ ಕೇರಿಗೆ ಅವಳು ಬರುವುದು ಇದೇ ಮೊದಲು. ಇಲ್ಲಿ ಒಂದು ತುತ್ತು ಉಂಡರೆ ಮುಂದಿನದೆಲ್ಲ ಸಲೀಸು ಎಂದು ಅವನ ಎಣಿಕೆ.

ಅವಳು ಬಂದಳು. ಎಡೆಗೆ ಕೈ ಮುಗಿದಳು. ಗೋಡೆಗೆ ಸೆರಗು ತಾಗದಂತೆ ಚಾಪೆಯ ಮೇಲೆ ಕೂತಳು. ಬಸ್ಸಮ್ಮ ತಾಟಿಟ್ಟು ಬಡಿಸಿದಳು.

ಇಂದುಮತಿ ಪೂರಿ ಮುರಿದು, ತಾಯಣ್ಣನ ಕಡೆ ಬಾಗಿ ಮೆಲ್ಲಗೆ ಕೇಳಿದಳು: "ಹೋಟೆಲಿಂದು ಹೌದಲ್ರೀ?"

ಹೌದು ಅಂದರೆ ಮುಗಿಯುತ್ತಿತ್ತು. ಅದಕ್ಕೆಂದೇ ತಂದದ್ದು. ಆದರೆ ಆ ಪಿಸುಮಾತಿನಲ್ಲಿದ್ದ ನೆಮ್ಮದಿ ಅವನ ಕಪಾಳಕ್ಕೆ ಹೊಡೆದಂತಾಯಿತು.

"ಅಲ್ಲ. ನಮ್ಮಕ್ಕ ಮಾಡಿದ್ದು."

ಅವಳ ಕೈ ತಾಟಿಗೂ ಬಾಯಿಗೂ ನಡುವೆ ನಿಂತಿತು.

"ಬೆಳಿಗ್ಗಿಂದ ಪಿತ್ತ ಆಗ್ಯದರೀ... ತಪ್ಪು ತಿಳೀಬ್ಯಾಡ್ರಿ."

ಬಸ್ಸಮ್ಮ ಸೊಂಟಕ್ಕೆ ಕೈಯಿಟ್ಟಳು. "ಮತ್ತ ನಮ್ಮವ್ವ ಸೋಮವಾರ ಸೋಮವಾರ ಇವನ ಕೈಯಾಗ ನಿಮಗಂತ ಕಟ್ಟಿ ಕಳಿಸಿದ ರೊಟ್ಟಿ ಹೆಂಗ ತಿಂದ್ರಿ?"

"ಯಾವ ರೊಟ್ಟಿರೀ?"

ತಾಯಣ್ಣ ನೆಲ ನೋಡಿದ. ಎರಡು ವರ್ಷ ಆ ರೊಟ್ಟಿಗಳನ್ನು ತಾನೇ ತಿಂದು, "ಭಾಳ ರುಚಿ ಇದ್ದುವಂತ ಬೇ" ಎಂದು ಅವ್ವನಿಗೆ ಬಂದು ಹೇಳುತ್ತಿದ್ದ. ಅವ್ವ ನಂಬಿಕೊಂಡೇ ಸತ್ತಳು. ಸಿಟ್ಟು ಕುದಿಯುತ್ತಿತ್ತು. ಯಾರ ಮೇಲೆ ಎತ್ತಿ ಹಾಕಲಿ?

ಬಸ್ಸಮ್ಮ ಚರಿಗೆ ತಂದು ಇಂದುಮತಿಯ ಕೈಮೇಲೆ ನೀರು ಸುರಿಯತೊಡಗಿದಳು. ಪೂರಿಯ ತುಂಡು ಬೆರಳಿಂದ ಜಾರಿ ತಾಟಿನಲ್ಲಿ ತೇಲಿತು. ತಾಟು ತುಂಬಿ ನೀರು ಚಾಪೆಗೆ ಹರಿಯಿತು, ಚಾಪೆಯಿಂದ ತಾಯಣ್ಣನ ಪಾದಕ್ಕೆ. ಕೈ ಯಾವಾಗಲೋ ಸ್ವಚ್ಛವಾಗಿತ್ತು. ಸುರಿಯುವವಳು ನಿಲ್ಲಿಸಲಿಲ್ಲ, ಕೈ ಚಾಚಿದವಳು ಸಾಕೆನ್ನಲಿಲ್ಲ.