ಖೋ ಅನ್ನುವ ತನಕ

ನಾನು ಒಂದು ಖೋ-ಖೋ ಕಂಬ. ಕಾಲು ಮಣ್ಣಿನಲ್ಲಿ ಗಟ್ಟಿಯಾಗಿ ಹೂತಿದ್ದಾಗಲೂ ಧೈರ್ಯ ಮಾತ್ರ ಎಳ್ಳಷ್ಟೂ ಇರಲಿಲ್ಲ, ಹುಟ್ಟಾ ಪುಕ್ಕಲು. ರೋಣದ ಕಡೆಯ ಒಂದು ಊರಿನ ಬಡಿಗೇರ ಮೌನೇಶಪ್ಪ ನನ್ನನ್ನು ಬೇವಿನ ಮರದಿಂದ ಕೆತ್ತಿ, ಹೈಸ್ಕೂಲಿನ ಬಯಲಲ್ಲಿ ನಿಲ್ಲಿಸಿದ.

ಮೊದಮೊದಲು ಗಂಡುಹುಡುಗರಷ್ಟೇ ಆಡುತ್ತಿದ್ದರು. ಹುಡುಗಿಯರು ಕಂಪೌಂಡಿನ ನೆರಳಲ್ಲಿ ಕೂತು ಅವರ ಚಪ್ಪಲಿ ಕಾಯುತ್ತಿದ್ದರು. ಆಮೇಲೆ ಬಂದ ಪಿ.ಟಿ. ಮಾಸ್ತರರು ಅವರನ್ನೂ ಎಬ್ಬಿಸಿ ಬಯಲಿಗೆ ಕರೆತಂದರು. ಎಲ್ಲರಿಗಿಂತ ಜೋರು ಮೌನೇಶಪ್ಪನ ಮಗಳು ಕಾಳಿಕಾ. ಓಡಿಬಂದು ಒಂದೇ ಕೈಯಲ್ಲಿ ನನ್ನನ್ನು ಹಿಡಿದು, ಮೈಯನ್ನೆಲ್ಲ ಗಾಳಿಗೆ ಚಾಚಿ, ಆಚೆ ಓಡುವವಳನ್ನು ಮುಟ್ಟಿಬಿಡುತ್ತಿದ್ದಳು. ನನಗೋ ಪ್ರತಿ ಸಲವೂ ಜೀವ ಬಾಯಿಗೆ ಬರುತ್ತಿತ್ತು. ಅವಳಪ್ಪ ಆಟಕ್ಕೆ ಒಪ್ಪಿದ್ದು ಒಂದು ಕರಾರಿನ ಮೇಲೆ: ಮುಖಕ್ಕೆ ಒಂದು ಗಾಯವಾದರೂ ಆಟ ಬಂದ್. ಸಾಲದ್ದಕ್ಕೆ, ಮಳೆಬಿಸಿಲಿಗೆ ನನ್ನ ಮೈಮೇಲೊಂದು ಗಂಟು ಸೀಳಿ ಚೂಪಾಗಿ ಎದ್ದಿತ್ತು. ಹೇಳೋಣವೆಂದರೆ ಕಂಬಕ್ಕೆ ಬಾಯಿ ಎಲ್ಲಿಂದ ಬರಬೇಕು?

ಹೆದರಿದ್ದೇ ಆಯಿತು. ತಾಲೂಕು ಪಂದ್ಯಕ್ಕೆ ವಾರವಿದ್ದಾಗ ಕಾಳಿಕಾಳ ಹಣೆ ಆ ಗಂಟಿಗೆ ಬಡಿದು ಒಡೆಯಿತು. ಹೊಲಿಗೆ ಬಿದ್ದವು. ಇನ್ನು ಈ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ ಎಂದು ಅವಳಜ್ಜಿ ಓಣಿಯೆಲ್ಲ ಕೇಳುವಂತೆ ಅತ್ತಳಂತೆ. ಉಳಿದ ತಾಯಂದಿರೂ ತಮ್ಮ ಮಕ್ಕಳಿಗೆ ಆಟ ಸಾಕು ಅಂದರಂತೆ.

ಮರುದಿನ ಸಂಜೆ ಮೌನೇಶಪ್ಪ ಕೊಡಲಿ ಹಿಡಿದು ಬಂದ. ಕಂಬವೇ ಇಲ್ಲದಿದ್ದರೆ ಆಟ ಎಲ್ಲಿಯದು? ಕೆತ್ತಿದವನೇ ಕಡಿಯಲು ಬಂದರೆ ನಾನು ಯಾರಿಗೆ ಹೇಳಿಕೊಳ್ಳಲಿ?

ಅಷ್ಟರಲ್ಲಿ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಆಟದ ಸಾಲಿನಲ್ಲಿ ಕೂತರು, ಒಬ್ಬಳ ಮುಖ ಈಚೆ, ಇನ್ನೊಬ್ಬಳದು ಆಚೆ. ನನ್ನ ಹತ್ತಿರದ ಚೌಕದಲ್ಲಿ ತಲೆಗೆ ಪಟ್ಟಿ ಕಟ್ಟಿಕೊಂಡ ಕಾಳಿಕಾ.

"ಏಳವ್ವಾ, ಮನಿಗೆ ನಡಿ," ಅಂದ ಅಪ್ಪ.

ಅವಳು ಕದಲಲಿಲ್ಲ. ಪಕ್ಕದ ಚೌಕದಲ್ಲಿದ್ದ ಗೆಳತಿ ಶಂಶಾದ್ ಮೆಲ್ಲಗೆ ಹೇಳಿದಳು: "ಬೆನ್ನ ಮುಟ್ಟಿ ಯಾರಾದ್ರೂ ಖೋ ಅನ್ನೂತನಕ ನಾವು ಏಳಂಗಿಲ್ಲ ಕಾಕಾ. ಆಟದಾಗ ಹಂಗ ಐತಿ."

ಮೌನೇಶಪ್ಪ ನನ್ನತ್ತ ತಿರುಗಿದ. ಎಲ್ಲಿ ಏಟು ಹಾಕುವುದೆಂದು ನನ್ನ ಮೈ ತಡವಿದ. ಅವನ ಕೈ ಗಂಟಿನ ಮೇಲೆ ನಿಂತಿತು. ಅಲ್ಲಿ ಮಗಳ ನೆತ್ತರು ಒಣಗಿತ್ತು.

"ಇದ ಬಡೀತೇನು?"

ಕಾಳಿಕಾ ಹೂಂ ಅಂದಳು.

ಅವನು ಒಣಗಿದ ನೆತ್ತರನ್ನು ಹೆಬ್ಬೆರಳಿಂದ ಒರೆಸಿದ. "ಈ ಗಂಟು ನಾ ಅವತ್ತ ತಗೀಬೇಕಿತ್ತು," ಅಂದ. ಕೊಡಲಿ ಕೆಳಗಿಟ್ಟ. ಚೀಲದಿಂದ ಉಳಿ ತೆಗೆದು ಗಂಟು ಕೆತ್ತಿದ, ಅಂಗೈ ಜಾರುವಷ್ಟು ನುಣುಪಾಗಿ ಅರದಿಂದ ಉಜ್ಜಿದ. ನೋವಾಯಿತು, ಆದರೂ ಅಷ್ಟು ಹಿತ ನನಗೆಂದೂ ಆಗಿರಲಿಲ್ಲ. ಹುಡುಗಿಯರು ಅಷ್ಟು ಹೊತ್ತೂ ಕೂತೇ ಇದ್ದರು.

ಕೊನೆಗೆ ಅವನು ಮಗಳ ಹಿಂದೆ ಹೋಗಿ ನಿಂತ. ನಾಚಿಕೊಂಡು ಅತ್ತಿತ್ತ ನೋಡಿದ. ಅವಳ ಬೆನ್ನು ಮುಟ್ಟಿ, "ಖೋ" ಅಂದ.

ಆ ಪಂದ್ಯ ಸೋತರು. ಆದರೆ ಒಬ್ಬಳೂ ಆಟ ಬಿಡಲಿಲ್ಲ.

ಈಗ ಬಯಲಲ್ಲಿ ಕಬ್ಬಿಣದ ಪೈಪಿನ ಕಂಬಗಳಿವೆ. ನನ್ನ ಬುಡವನ್ನು ಗೆದ್ದಲು ತಿಂದಿದೆ, ಆಟದ ಸಾಮಾನಿನ ಕೋಣೆಯ ಮೂಲೆಗೆ ಒರಗಿದ್ದೇನೆ. ಇಲ್ಲಿಯ ಪಿ.ಟಿ. ಟೀಚರು ಈಗ ಕಾಳಿಕಾ. ಮೊನ್ನೆ ಒಬ್ಬ ತಾಯಿ ಬಾಗಿಲಲ್ಲಿ ನಿಂತು, ಮಗಳ ಕೈ ಬಿಡದೆ, ಪೆಟ್ಟಾಗುವುದಿಲ್ಲ ತಾನೆ ಎಂದು ಕೇಳಿದಳು. ಕಾಳಿಕಾ ಕೂದಲು ಸರಿಸಿ ಹಣೆಯ ಗೆರೆ ತೋರಿಸಿದಳು.

"ಆಗತೈತ್ರೀ," ಅಂದಳು.

ತಾಯಿ ಆ ಗೆರೆಯನ್ನೇ ನೋಡುತ್ತ ನಿಂತಳು. ಆಮೇಲೆ ಮಗಳ ಕೈ ಬಿಟ್ಟಳು. ಹುಡುಗಿ ಬಯಲಿಗೆ ಓಡಿದಳು, ನನ್ನ ಎದೆ ಮತ್ತೆ ಡವಡವ ಅನ್ನತೊಡಗಿತು. ಪುಕ್ಕಲು ಬುದ್ಧಿ, ಎಲ್ಲಿ ಹೋದೀತು?