ಹರಕೆಯ ಪಂಚಕಜ್ಜಾಯ

ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಕುಷ್ಟನ ಕಾಲಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ಅರ್ಧ ಆಯುಷ್ಯ ಐಸಿನ ಪುಡಿಯ ಮೇಲೆ ಬರಿಗಾಲಲ್ಲಿ ನಿಂತವನಿಗೆ ಪಾದ ಜೋಮು ಹಿಡಿಯದೆ ಇನ್ನೇನು? ಮಗ ಜಿತೇಂದ್ರನೂ ಹಾಗೇ ಅಂದುಕೊಂಡಿದ್ದ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಅಪ್ಪನ ಪಕ್ಕ ಸಲಿಕೆ ಹಿಡಿದವನು ಅವನು.

ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗಿನಿಂದ ಮನೆಯ ಬೆಲ್ಲದ ಡಬ್ಬಕ್ಕೆ ಜಿತೇಂದ್ರನದೇ ಕಾವಲು. ಆದರೆ ಊರಿಗೆ ಕಾವಲು ಹಾಕುವುದು ಹೇಗೆ? ಬೋಟು ನೀರಿಗಿಳಿದರೆ ಹಟ್ಟಿಯಂಗಡಿ ಗಣಪತಿಗೆ ಪಂಚಕಜ್ಜಾಯ, ಬಲೆ ತುಂಬಿದರೂ ಪಂಚಕಜ್ಜಾಯ. ಹಂಚುವವರು ಬಂದರೆ ಕುಷ್ಟನ ಎರಡೂ ಕೈ ಮುಂದೆ.

"ದೇವ್ರದ್ದ್ ಮಗಾ. ಬ್ಯಾಡ ಅಂಬುಕಾತ್ತಾ?"

"ದೇವ್ರ್ ಚಿಟಿಕಿ ಕೊಟ್ರೆ ನೀನ್ ಬೊಗ್ಸಿ ತುಂಬ ತಿಂತಿ."

"ಗಣಪತಿ ಹೊಟ್ಟಿ ಕಂಡಿದ್ಯಾ? ಅವ್ನಿಗೇ ಎಂತ ಆಯ್ಲಿಲ್ಲೆ."

ಒಂದು ಬೆಳಿಗ್ಗೆ ಐಸಿನ ಮೇಲೆ ಕೆಂಪು ಹೆಜ್ಜೆಗಳು. ಮೀನಿನ ನೆತ್ತರಿರಬೇಕು ಎಂದುಕೊಂಡೇ ಜಿತೇಂದ್ರ ಜಾಡು ಹಿಡಿದು ಹೋದರೆ, ಅಪ್ಪನ ಹಿಮ್ಮಡಿಯಲ್ಲಿ ಮೀನಿನ ಪೆಟ್ಟಿಗೆಯ ಮೊಳೆ. ಹೊಕ್ಕು ಎಷ್ಟು ದಿನವಾಗಿತ್ತೋ, ಸುತ್ತಲಿನ ಮಾಂಸ ಕಪ್ಪಾಗಿತ್ತು. ಅಪ್ಪನಿಗೆ ಗೊತ್ತೇ ಇರಲಿಲ್ಲ.

ಕುಂದಾಪುರದ ಡಾಕ್ಟರು, ಜೋಮು ಐಸಿನದ್ದಲ್ಲ, ಸಕ್ಕರೆಯದ್ದು ಎಂದರು. ಹುಣ್ಣು ಒಣಗಿದರೆ ಕಾಲು ಉಳಿಯುತ್ತದೆ, ಸಿಹಿ ಮುಟ್ಟಲೇಬಾರದು. ಜಿತೇಂದ್ರ ಪ್ಲಾಂಟಿನವರಿಗೆಲ್ಲ ಹೇಳಿಬಂದ: ನಮ್ಮಪ್ಪನ ಕೈಗೆ ಯಾರಾದರೂ ಪ್ರಸಾದ ಹಾಕಿದರೆ ಆ ಕೈ ಮುರಿಯುತ್ತೇನೆ.

ಹುಣ್ಣು ಒಣಗಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಮೊಣಕಾಲಿನ ಕೆಳಗೆ ಕತ್ತರಿಸಿದರು.

ಮರುವಾರ ಆಸ್ಪತ್ರೆಗೆ ಜಿತೇಂದ್ರನ ತಾಯಿ ಅಕ್ಕು ಬಂದಳು. ಮಂಚದ ಬದಿ ಕೂತು ಸೆರಗಿನ ಗಂಟು ಬಿಚ್ಚಿ ಬಾಳೆಲೆಯ ಪೊಟ್ಟಣ ತೆಗೆದಳು.

"ಎಂತದದ್?" ಜಿತೇಂದ್ರ ಕೇಳಿದ.

"ಹಟ್ಟಿಯಂಗಡಿದ್. ಕಾಲ್ ಉಳೀಲಿ ಅಂದ್ ಹರ್ಕಿ ಹೊತ್ತಿದ್ದೆ. ಒಂದ್ ವಾರವೂ ತಪ್ಸ್ಲಿಲ್ಲೆ ಮಗಾ, ಆದ್ರೂ ಹೀಂಗಾಯ್ತ್."

"ವಾರ ವಾರ ತಂದದ್ದನ್ನ ಯಾರ್ ತಿಂದದ್ದ್?"

"ಹರ್ಕಿ ಯಾರ ಹೆಸ್ರಂಗಿತ್ತೋ ಅವ್ರೇ ಮೊದ್ಲ್ ತಿನ್ಕಲ್ದಾ?"

ಜಿತೇಂದ್ರನ ಮೈ ಉರಿದುಹೋಯಿತು. "ಅವ್ನ ಕಾಲ್ ತಿಂದದ್ದ್ ನೀನೇ ಅಬ್ಬಿ."

"ಅವ್ಳಿಗೆ ಬೈಬೇಡ," ಎಂದ ಕುಷ್ಟ. "ನಾನೇ ಕೇಳಿ ತಿಂದದ್ದ್. ಕಾಲೇ ಹೋಯ್ತ್, ಇನ್ನ್ ಚೂರ್ ತಿಂದ್ರೆ ಎಂತ ಹೋತ್ತ್?"

"ಇನ್ನೊಂದ್ ಕಾಲ್ ಇತ್ತಲ್ಲ."

ಆದರೂ ಅಪ್ಪ ಚಾಚಿದ ಅಂಗೈ ಹಿಂದೆ ಹೋಗಲಿಲ್ಲ. ಜಿತೇಂದ್ರ ಪೊಟ್ಟಣ ಕಿತ್ತುಕೊಂಡು ಕಿಟಕಿಯತ್ತ ಕೈ ಎತ್ತಿದ. ಕೈ ಅಲ್ಲೇ ನಿಂತಿತು. ಪ್ರಸಾದ ಎಸೆಯಬಾರದು. ಅಪ್ಪನಿಗೆ ಕೊಡುವ ಹಾಗಿಲ್ಲ. ಸಿಟ್ಟಿನಲ್ಲಿ ಎಲ್ಲವನ್ನೂ ತನ್ನ ಬಾಯಿಗೇ ತುರುಕಿಕೊಂಡ. ಬೆಲ್ಲ, ಕಾಯಿ, ಎಳ್ಳು, ತುಪ್ಪ. ಹಾಳಾದ್ದು, ಎಷ್ಟು ರುಚಿ. ತಾನು ಎಲೆ ನೆಕ್ಕುತ್ತಿದ್ದೇನೆ ಎಂಬುದೂ ಅವನಿಗೆ ತಡವಾಗಿ ಗೊತ್ತಾಯಿತು.

ಅಪ್ಪ ನೋಡುತ್ತಲೇ ಇದ್ದ.

"ಹೊಸ ಬೆಲ್ಲವಾ ಮಗಾ?" ಮೆಲ್ಲಗೆ ಕೇಳಿದ.