ಟಾರ್ಚಿನ ಸ್ಪ್ರಿಂಗು

ಇದರಲ್ಲಿರೋ ಒಂದೊಂದು ಮಾತೂ ನಿಜ. ಬೇಕಾದರೆ ಆಣೆ ಇಟ್ಟೂ ಹೇಳಬಹುದು, ಆದರೆ ಈ ಕಥೆಯಲ್ಲಿ ಆಣೆ ಇಡೋ ಕೆಲಸ ಬೇರೊಬ್ಬನದು. ಅವನ ಹೊಟ್ಟೆ ಮೇಲೆ ಹೊಡೆಯೋದು ಬೇಡ.

ಅವನನ್ನ ಎಲ್ಲರೂ ಕರೀತಿದ್ದದ್ದೇ ಆಣೆ ಮೇಸ್ತ್ರಿ ಅಂತ. ಲಾರಿ ರಿಪೇರಿ ಶೆಡ್ಡು ಹಾಕಿ ಇಪ್ಪತ್ತೆಂಟು ವರ್ಷ ಆಗಿತ್ತು. ಕೈ ಚುರುಕು, ಬಾಯಿ ಇನ್ನೂ ಚುರುಕು. ಒಂದು ಸಲ ರೇಡಿಯೇಟರ್ ಬಿಚ್ಚಿದಾಗ ಒಳಗೆ ಮೀನು ಸಂಸಾರ ಹೂಡಿತ್ತಂತೆ, ಇಂಜಿನ್ ಬಿಸಿಯಾದಾಗಲೆಲ್ಲ ಗಂಡ ಹೆಂಡತಿ ಮಕ್ಕಳು ಸೇರಿ ಬಾಲ ಬಡಿದು ನೀರು ತಣ್ಣಗೆ ಮಾಡ್ತಿದ್ದವಂತೆ. ಇಂಥದ್ದು ಹೇಳಿ ಮುಖದಲ್ಲಿ ಒಂದು ಗೆರೆನೂ ಅಲ್ಲಾಡಿಸದೆ ಎದುರಿಗೆ ಕೂತವರನ್ನ ನೋಡಿ, "ನಿಮ್ಮಾಣೆ" ಅಂತಿದ್ದ. ನನ್ನಾಣೆ ಅಂತ ಮಾತ್ರ ಒಂದು ದಿನಾನೂ ಅಂದವನಲ್ಲ. ಆಣೆಗೆ ಬಲ ಇದ್ದಿದ್ದರೆ ಆ ಬೀದಿಯಲ್ಲಿ ಇಷ್ಟು ಹೊತ್ತಿಗೆ ಒಂದು ನರಪಿಳ್ಳೆನೂ ಉಳೀತಿರಲಿಲ್ಲ.

ಅವನ ಕಥೆಗಳಲ್ಲಿ ಜನ ಕೇಳಿ ಕೇಳಿ ಹೇಳಿಸ್ಕೊಳ್ತಿದ್ದದ್ದು ಟಾರ್ಚಿನದು. ಒಂದು ಲಾರಿಯ ಗೇರಿನ ಡಬ್ಬದೊಳಗಿನ ಸ್ಪ್ರಿಂಗು ಹಾರಿ ಚರಂಡಿಗೆ ಬಿತ್ತಂತೆ. ಸ್ಪೇರ್ ಪಾರ್ಟ್ಸ್ ಅಂಗಡಿ ಬಾಗಿಲು ಹಾಕಿತ್ತಂತೆ. ಇವನು ತನ್ನ ಟಾರ್ಚಿನ ಹಿಂದಿನ ಮುಚ್ಚಳದ ಸ್ಪ್ರಿಂಗು ಕಿತ್ತು ಹಾಕಿ ಕಳಿಸಿದನಂತೆ. ಅವತ್ತಿಂದ ಆ ಲಾರಿಗೆ ಹೆಡ್‌ಲೈಟೇ ಬೇಕಾಗಲಿಲ್ಲವಂತೆ, ಡಬ್ಬದ ಸಂದಿಯಿಂದಲೇ ಬೆಳಕು ಬರ್ತಿತ್ತಂತೆ, ಮೂರು ವರ್ಷ. ಇಷ್ಟು ಹೇಳಿ ಟಾರ್ಚು ಬಿಚ್ಚಿ ತೋರಿಸ್ತಿದ್ದ. ಸ್ಪ್ರಿಂಗಿನ ಜಾಗದಲ್ಲಿ ಸಿಗರೇಟು ಪ್ಯಾಕಿನ ಬೆಳ್ಳಿಕಾಗದ ಮಡಚಿ ತುರುಕಿರೋದು ಕಾಣ್ತಿತ್ತು. ಸಾಕ್ಷಿ ನೋಡಿ ಜನ ಇನ್ನೂ ನಗ್ತಿದ್ದರು. ಸುಳ್ಳು ಹೇಳೋಕೆ ಒಳ್ಳೆ ಟಾರ್ಚು ಹಾಳು ಮಾಡಿದಾನೆ ನೋಡಿ ಅಂತ.

ಒಂದು ಸೋಮವಾರ ಬೆಳಿಗ್ಗೆ ಒಬ್ಬ ಹೆಂಗಸು ತಾನೇ ಸ್ಟೇರಿಂಗ್ ಹಿಡಿದು ಒಂದು ಹಳೇ ಫೋರ್ ವೀಲ್ ಡ್ರೈವ್ ಲಾರಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದಳು. ಗುಡ್ಡದ ಮೇಲೆ ಕಲ್ಲು ಕ್ವಾರಿ ಹಿಡಿದಿದ್ದಳಂತೆ. ಮಾತು ಕಡಿಮೆ. ಇಳಿದವಳೇ ಕ್ಯಾಬಿನ್ ಒಳಗೆ ನೋಡಿ ಅಂದಳು. ಎರಡು ಲಿವರ್ ಇದ್ದವು. ಒಂದು ಗೇರಿನದು. ಇನ್ನೊಂದು ಗೇರ್ ಬಾಕ್ಸಿನ ಹಿಂದಿರೋ ಟ್ರಾನ್ಸ್‌ಫರ್ ಕೇಸಿನದು. ಇಂಜಿನ್ ಶಕ್ತಿನ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಹಂಚಿಕೊಡೋ ಡಬ್ಬ ಅದು. ಕಡಿದಾದ ಏರು ಬಂದರೆ ಆ ಲಿವರನ್ನ ಲೋಗೆ, ಅಂದ್ರೆ ಕಡಿಮೆ ವೇಗದ ಗೇರಿಗೆ ಹಾಕಬೇಕು, ಲಾರಿ ಆನೆ ಥರ ನಿಧಾನಕ್ಕೆ ಹತ್ತುತ್ತೆ. ಈ ಲಿವರಿಗೆ ನೈಲಾನ್ ಹಗ್ಗ ಸುತ್ತಿ ಸೀಟಿನ ಕಾಲಿಗೆ ಬಿಗಿದಿದ್ದರು, ತುಂಟ ಕರುನ ಕಟ್ಟಿದ ಹಾಗೆ.

ಲೋ ಹಾಕಿದರೆ ನಿಲ್ಲೋದಿಲ್ಲ, ಏರಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ತಾನೇ ನ್ಯೂಟ್ರಲ್ಲಿಗೆ ಬೀಳುತ್ತೆ, ಹಗ್ಗ ನಂಬಿಕೊಂಡು ಸಾಯೋಕೆ ನಾನೇನು ಬಾವಿಗೆ ಇಳೀತಿದ್ದೀನಾ ಅಂತ ಹೇಳಿ ಡ್ರೈವರ್ ನಿನ್ನೆ ಕೆಲಸ ಬಿಟ್ಟು ಹೋದ. ಇಷ್ಟು ಅವಳ ದೂರು. ಬುಧವಾರ ನಾಲ್ಕು ಗಂಟೆಗೆ ಲಾರಿ ಬೇಕು ಅಂದಳು.

ಆಣೆ ಮೇಸ್ತ್ರಿ ಚಾಪೆ ಹಾಸಿಕೊಂಡು ಲಾರಿ ಅಡಿಗೆ ಜಾರಿದ. ಮೇಲಿನ ಬಣ್ಣ ಬದಲಾಗಿತ್ತು, ಬಾಡಿ ಬದಲಾಗಿತ್ತು. ಆದರೆ ಚಾಸಿಯ ಎಡಗಡೆ ಒಂದು ವೆಲ್ಡಿಂಗ್ ಗೆರೆ ಇತ್ತು, ಕಂಬಳಿಹುಳ ಹರಿದ ಹಾಗೆ. ಅದು ಅವನದೇ ಕೈಯಿ. ಇಡೀ ಪೇಟೆಯಲ್ಲಿ ಅಷ್ಟು ಕೆಟ್ಟದಾಗಿ ವೆಲ್ಡಿಂಗ್ ಮಾಡೋನು ಬೇರೆ ಯಾರೂ ಇರಲಿಲ್ಲ. ಅವನು ಅಲ್ಲೇ ಸುಮಾರು ಹೊತ್ತು ಮಲಗಿದ್ದ. ಯಾರಾದರೂ ನೋಡಿದ್ದರೆ ನಿದ್ದೆ ಹೋಗಿದಾನೆ ಅಂದ್ಕೊಳ್ತಿದ್ದರು.

ಒಂಬತ್ತು ವರ್ಷದ ಹಿಂದೆ ಆ ಲಾರಿ ಒಂದು ಮರದ ಕಂಪನಿಯದು. ಓಡಿಸ್ತಿದ್ದವನು ಅವನ ಬಾಮೈದ, ಹೆಂಡತಿಯ ಒಬ್ಬನೇ ತಮ್ಮ. ಎಂಥಾ ಡ್ರೈವರು ಅಂದ್ರೆ, ಮಡಿಲಲ್ಲಿ ತುಂಬಿದ ಚಹಾ ಲೋಟ ಇಟ್ಟುಕೊಂಡು ಗುಡ್ಡ ಇಳಿದರೂ ಪ್ಯಾಂಟು ಒದ್ದೆ ಆಗ್ತಿರಲಿಲ್ಲ. ಟ್ರಾನ್ಸ್‌ಫರ್ ಕೇಸು ಮೇಸ್ತ್ರಿ ಕೈಯಲ್ಲಿ ರಿಪೇರಿಯಾಗಿ ಹೋದ ಹತ್ತೊಂಬತ್ತನೇ ದಿನ, ತುಂಬಿದ ಮರದ ಲೋಡು ಹೊತ್ತು ಏರು ಹತ್ತುತಿದ್ದಾಗ ಲಾರಿ ನ್ಯೂಟ್ರಲ್ಲಿಗೆ ಬಿತ್ತು. ಬ್ರೇಕು ಹಿಡಿಯೋಷ್ಟರಲ್ಲಿ ಹಿಂದಕ್ಕೆ ಜಾರಿ ಹಳ್ಳಕ್ಕೆ ಇಳೀತು. ಬಾಮೈದನ ಒಂದು ಮಂಡಿ ಚೂರಾಯಿತು. ಆಸ್ಪತ್ರೆ ಮಂಚದ ಮೇಲೆ ಅವನು ಹೇಳಿದ್ದು ಒಂದೇ ಮಾತು. "ಟಕ್ ಅಂತು ಭಾವ. ನಾನು ಮುಟ್ಟಿರಲಿಲ್ಲ."

ಕಂಪನಿಯವರು ಮೇಸ್ತ್ರಿನ ಕರೆದು ಕೇಳಿದರು. ಡಬ್ಬ ಬಿಚ್ಚಿ ತೋರಿಸ್ತೀಯಾ ಅಂದರು. ಬಿಚ್ಚೋದೇ ಬೇಡ, ನನ್ನ ಕೈಯಾರೆ ಕೂಡಿಸಿದ ಡಬ್ಬ, ಅದು ತಾನಾಗಿ ಬೀಳೋಕೆ ಸಾಧ್ಯ ಇಲ್ಲ, ನಿಮ್ಮಾಣೆ ಅಂದ. ಬಾಕಿ ಎಲ್ಲ ಕಥೆಗೂ ನಗೋ ಜನ, ಅದೊಂದನ್ನ ಮಾತ್ರ ನಂಬಿದರು. ಬಾಮೈದನ ಕೆಲಸ ಹೋಯಿತು. ಅವನು ಅಕ್ಕನ ಮುಖ ನೋಡಿದ. ಅಕ್ಕ, ನಿಮ್ಮ ಭಾವ ಆಣೆ ಇಟ್ಟು ಹೇಳ್ತಿದ್ದಾರಲ್ಲೋ ಅಂದಳು.

ಮುರಿದ ಕಾಲು ಒಂದು ವರ್ಷದೊಳಗೆ ಸರಿಹೋಯಿತು, ಸ್ವಲ್ಪ ಕುಂಟು ಬಿಟ್ಟರೆ. ಲೈಸೆನ್ಸೂ ಇತ್ತು. ಆದರೆ ಲಿವರ್ ಎಳೆದದ್ದು ನೀನೇ ಅಂತ ಎಲ್ಲರೂ ಹೇಳಿದ್ದನ್ನ ಕೇಳಿ ಕೇಳಿ ಬಾಮೈದನೇ ಕೊನೆಗೆ, ಇರಬಹುದು, ನನಗೇ ಗೊತ್ತಿಲ್ಲದೆ ಕೈ ಹೋಗಿರಬಹುದು ಅನ್ನೋಕೆ ಶುರು ಮಾಡಿದ. ಅಲ್ಲಿಂದ ಮುಂದೆ ಸ್ಟೇರಿಂಗ್ ಮುಟ್ಟಲಿಲ್ಲ. ಯಾರ ಗಾಡಿಯಲ್ಲಿ ಕೂತರೂ ಎಡಗೈನ, ಗೇರು ಹಾಕೋ ಕೈನ, ತೊಡೆ ಕೆಳಗೆ ಇಟ್ಟುಕೊಂಡು ಕೂರ್ತಿದ್ದ. ಬಸ್ಸಿನ ಹಿಂದಿನ ಸೀಟಿನಲ್ಲೂ. ಈಗ ಕ್ವಾರಿ ರಸ್ತೆಯ ಗೇಟಿನಲ್ಲಿ ಲಾರಿ ಬಂದರೆ ಅಡ್ಡಗಂಬ ಎತ್ತೋ ಕೆಲಸ ಮಾಡ್ತಿದ್ದ.

ಟಾರ್ಚಿನ ಕಥೆನ ಮೇಸ್ತ್ರಿ ಹೇಳೋಕೆ ಶುರು ಮಾಡಿದ್ದು ಆಮೇಲೆ. ನಿಜಾನ ಒಳಗೇ ಇಟ್ಟುಕೊಳ್ಳೋಕೂ ಆಗಲಿಲ್ಲ, ಹೇಳೋಕೂ ಆಗಲಿಲ್ಲ. ಮುಚ್ಚಿಡೋಕೆ ಜನರ ನಗೆಗಿಂತ ಒಳ್ಳೆ ಜಾಗ ಸಿಗಲಿಲ್ಲ. ಬೆಳಕು ಸೇರಿಸಿದ, ಮೂರು ವರ್ಷ ಸೇರಿಸಿದ, ನಗಿಸಿ ನಗಿಸಿ ಕೊನೆಗೆ ಅದು ನಡೆದದ್ದಾ, ತಾನು ಕಟ್ಟಿದ್ದಾ ಅಂತ ಅವನಿಗೇ ಮಸುಕಾಯಿತು. ನಗೋರ ಪೈಕಿ ಬಾಮೈದನೂ ಇರ್ತಿದ್ದ.

ಈಗ ಲಾರಿ ವಾಪಸ್ ಬಂದಿತ್ತು. ಇಷ್ಟು ವರ್ಷ ಯಾರೋ ಬಯಲು ಸೀಮೆಯಲ್ಲಿ ಓಡಿಸಿಕೊಂಡಿದ್ದರಂತೆ, ಲೋ ಹಾಕೋ ಪ್ರಸಂಗವೇ ಬಂದಿರಲಿಲ್ಲವಂತೆ.

ಮೇಸ್ತ್ರಿ ಕ್ರಮವಾಗಿ ಹುಡುಕಿದ. ಡಬ್ಬದ ಎಣ್ಣೆ ಇಳಿಸಿ ಬೆರಳಲ್ಲಿ ಉಜ್ಜಿದ, ಲೋಹದ ಪುಡಿ ಇರಲಿಲ್ಲ. ಡಬ್ಬ ಕೂರೋ ರಬ್ಬರಿಗೆ ಹಾರೆ ಕೊಟ್ಟು ಎತ್ತಿ ನೋಡಿದ, ಗಟ್ಟಿ ಇತ್ತು. ಲಿವರಿನ ರಾಡು ಅಲ್ಲಾಡದ ಹಾಗೆ ಹೊಸ ಬುಷ್ ಹಾಕಿದ. ಮಂಗಳವಾರ ಹಗ್ಗ ಬಿಚ್ಚಿ, ಶೆಡ್ಡಿನ ಹಿಂದಿನ ಏರಿಗೆ ತಾನೇ ಓಡಿಸಿದ. ಲೋ ಹಾಕಿ, ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು, ಅರ್ಧ ಏರಿದ ಮೇಲೆ ಆಕ್ಸಿಲರೇಟರಿಂದ ಕಾಲು ತೆಗೆದ.

ಟಕ್ ಅಂತು. ಲಿವರ್ ತಾನಾಗೇ ನಡೆದು ಬಂದು ನ್ಯೂಟ್ರಲ್ಲಿನಲ್ಲಿ ಕೂತಿತು, ನೆಂಟರು ಬಂದು ಕೂತ ಹಾಗೆ. ಲಾರಿ ಹಿಂದಕ್ಕೆ ಜಾರಿತು. ಬ್ರೇಕು ತುಳಿದು ನಿಲ್ಲಿಸಿದ. ಇಳಿದು ಗಾಲಿಗೆ ಕಲ್ಲು ಕೊಟ್ಟ.

ಅವತ್ತು ಊಟಕ್ಕೆ ಕೂತಾಗ ಹೆಂಡತಿ, ಏನ್ರೀ ಇವತ್ತು ಕಥೆನೇ ಇಲ್ಲ ಅಂದಳು. ಅವನು ಮೀನಿನ ಕಥೆ ಹೇಳಿದ. ಅವಳು ನಗಲಿಲ್ಲ, ಅನ್ನ ಬಡಿಸಿದಳು.

ಬುಧವಾರ ಡಬ್ಬನೇ ಇಳಿಸಿ ಹೋಳು ಮಾಡಿದ. ಹಲ್ಲುಗಳೆಲ್ಲ ಸರಿ ಇದ್ದವು, ಗೇರು ಸರಿಸೋ ಫೋರ್ಕು ಸವೆದಿರಲಿಲ್ಲ. ಉಳಿದದ್ದು ಒಂದೇ, ಡಬ್ಬದ ಪಕ್ಕದಲ್ಲಿ ಹೆಬ್ಬೆರಳ ಗಾತ್ರದ ಒಂದು ಬೋಲ್ಟು. ಅದರ ಹಿಂದೆ ಸ್ಪ್ರಿಂಗು, ಸ್ಪ್ರಿಂಗಿನ ಮುಂದೆ ಉಕ್ಕಿನ ಗುಂಡು. ಆ ಗುಂಡು ಒತ್ತಿ ಹಿಡಿದರೆ ಲಿವರ್ ಹಾಕಿದಲ್ಲಿ ನಿಲ್ಲುತ್ತೆ, ಇಲ್ಲದಿದ್ದರೆ ಇಲ್ಲ. ಲಾರಿ ಅಡಿಗೆ ಮಲಗಿ ಹತ್ತು ನಿಮಿಷದಲ್ಲಿ ಬಿಚ್ಚಬಹುದಾದ ಬೋಲ್ಟು. ಇಂಥ ದೂರಿಗೆ ಯಾವ ಮೆಕ್ಯಾನಿಕ್ಕಾದರೂ ಮೊದಲು ಕೈ ಹಾಕೋದೇ ಅದಕ್ಕೆ. ಇವನ ಕೈ ಮೂರು ದಿನ ಅದರ ಸುತ್ತಾನೇ ಓಡಾಡಿತ್ತು.

ಬಿಚ್ಚಿದ. ತೂತಿನೊಳಗೆ ಟಾರ್ಚು ಬಿಟ್ಟ. ಟಾರ್ಚು ಎಂದಿನ ಹಾಗೆ ಮಿಣಮಿಣ ಅಂತು, ಎರಡು ಪೆಟ್ಟು ಕೊಟ್ಟ ಮೇಲೆ ಹತ್ತಿತು. ಒಳಗೆ ಅದರದೇ ಸ್ಪ್ರಿಂಗು ಚಪ್ಪಟೆಯಾಗಿ ಕೂತಿತ್ತು. ತಳ ಅಗಲ, ತುದಿ ಚೂಪು. ಬೆಳಕು ಗಿಳಕು ಏನೂ ಬರ್ತಿರಲಿಲ್ಲ.

ಪೆಟ್ಟಿಗೆಯಿಂದ ಸರಿಯಾದ ಸ್ಪ್ರಿಂಗು ತೆಗೆದು ಹಾಕಿದ. ಡಬ್ಬ ಕೂಡಿಸಿ ಏರಿಗೆ ನಾಲ್ಕು ಸಲ ಹತ್ತಿಸಿದ. ಲಿವರ್ ಗೋಡೆಗೆ ಮೊಳೆ ಹೊಡೆದ ಹಾಗೆ ನಿಂತಿತು. ಮೂರು ಗಂಟೆಗೆ ಕ್ವಾರಿಯ ಹೆಂಗಸು ಬಂದಳು. ಬೆಂಚಿನ ಮೇಲಿದ್ದ ಹಳೇ ಸ್ಪ್ರಿಂಗು ಎತ್ತಿ ನೋಡಿದಳು.

"ಇದು ಟಾರ್ಚಿಂದಲ್ವೇನ್ರೀ ಮೇಸ್ತ್ರಿ. ಯಾವ ಪುಣ್ಯಾತ್ಮ ಹಾಕಿದ್ದು?"

"ಯಾರೋ ಹಳಬರು," ಅಂದ. ಅವಳ ಕೈಯಿಂದ ತಗೊಂಡು ಜೇಬಿಗೆ ಹಾಕಿಕೊಂಡ. ನಿಮಗೆ ಡ್ರೈವರ್ ಬೇಕಾ ಅಂತ ಕೇಳಿದ. ಈ ಲಾರಿಯ ಮೈಯೆಲ್ಲ ಬಲ್ಲವನು ಕ್ವಾರಿ ರಸ್ತೆಯ ಗೇಟಿನ ಹತ್ತಿರ ಒಬ್ಬನಿದ್ದಾನೆ ಅಂದ. ಅವಳು ಗಡಿಯಾರ ನೋಡಿಕೊಂಡಳು. ನಾಲ್ಕಕ್ಕೆ ಹೊರಡ್ತೀನಿ, ಬರೋ ಹಾಗಿದ್ದರೆ ಗೇಟಿನ ಹತ್ತಿರ ಹತ್ತಲಿ, ಇಲ್ಲದಿದ್ದರೆ ನಾಳೆ ಬೇರೆ ಕಡೆಯಿಂದ ಒಬ್ಬ ಬರ್ತಾನೆ ಅಂದಳು.

ಮೇಸ್ತ್ರಿ ಸ್ಕೂಟರ್ ಹತ್ತಿದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನ ಬಾಯಿಪಾಠ ಮಾಡಿದ. ಸಣ್ಣ ಮಾತು. ತಪ್ಪು ನನ್ನದು, ನಿನ್ನ ಕೈಯದಲ್ಲ. ಅಷ್ಟೇ. ಮೀನಿಲ್ಲ, ಬೆಳಕಿಲ್ಲ. ಇಷ್ಟು ಕಡಿಮೆ ಮಾತಲ್ಲಿ ಅವನು ಹುಟ್ಟಿದಾಗಿಂದ ಏನನ್ನೂ ಹೇಳಿರಲಿಲ್ಲ.

ಗೇಟಿನ ಪಕ್ಕ ತಗಡಿನ ಗೂಡು, ಮುಂದೆ ಪ್ಲಾಸ್ಟಿಕ್ ಕುರ್ಚಿ. ಬಾಮೈದ ಕೂತಿದ್ದ, ಎಡಗೈ ತೊಡೆ ಕೆಳಗೆ. ಭಾವನ್ನ ನೋಡಿ ಎದ್ದು ಕುರ್ಚಿ ಕೊಟ್ಟು, ತಾನು ಕಲ್ಲಿನ ಮೇಲೆ ಕೂತ. ಅಕ್ಕ ಹೇಗಿದ್ದಾಳೆ ಅಂದ. ಚೆನ್ನಾಗಿದ್ದಾಳೆ ಅಂದ ಮೇಸ್ತ್ರಿ. ಆಮೇಲೆ ಆ ಸಣ್ಣ ಮಾತು ನಾಲಿಗೆ ತುದಿಗೆ ಬಂತು, ಅಲ್ಲಿ ತನಗಿಂತ ಮುಂಚೆ ಬಂದು ನಿಂತಿದ್ದ ಹಳೇ ಅಭ್ಯಾಸದ ಮಾತನ್ನ ಮುಂದೆ ತಳ್ಳಿತು.

"ಒಂದು ವಿಷಯ ಹೇಳಬೇಕು ಕಣೋ. ನಿಜವಾಗಲೂ ನಡೆದದ್ದು. ನಿನ್ನಾಣೆ."

ಬಾಮೈದನ ಮುಖ ಸಡಿಲಾಯಿತು. ಬೆನ್ನು ತಗಡಿಗೆ ಒರಗಿಸಿದ. ಒಂಬತ್ತು ವರ್ಷದಿಂದ ಭಾವ ಬಾಯಿ ತೆಗೆದಾಗಲೆಲ್ಲ ಇಟ್ಟುಕೊಳ್ತಿದ್ದ ನಗೆನೇ ಇಟ್ಟುಕೊಂಡ. ಅದನ್ನ ನೋಡಿ ಮೇಸ್ತ್ರಿಗೆ ದಾರಿ ತಪ್ಪಿತು. ನೇರ ಬರೋ ಬದಲು ಚರಂಡಿಯಿಂದ ಶುರು ಮಾಡಿದ, ಅಂಗಡಿ ಬಾಗಿಲು ಹಾಕಿದ್ದನ್ನ ಹೇಳಿದ, ಬೇಡ ಬೇಡ ಅಂದುಕೊಂಡೇ ಬೆಳಕಿನ ತನಕ ಹೋಗಿಬಿಟ್ಟ. ಹಾಳಾದ ನಾಲಿಗೆ ನಿಲ್ಲಲಿಲ್ಲ. ಕೊನೆಗೆ ಜೇಬಿಗೆ ಕೈ ಹಾಕಿ ಸ್ಪ್ರಿಂಗು ತೆಗೆದು ಅಂಗೈಯಲ್ಲಿ ಹಿಡಿದ.

ಬಾಮೈದ ಬಗ್ಗಿ ನೋಡಿದ. "ಇಷ್ಟು ದಿನ ಬರೀ ಟಾರ್ಚು ತೋರಿಸ್ತಿದ್ದಿರಿ. ಈ ಸಲ ಸ್ಪ್ರಿಂಗೂ ತಂದಿದ್ದೀರಾ ಭಾವ."

"ಇದು ಅದಲ್ಲ ಕಣೋ. ಇದು ನಿನ್ನ ಲಾರಿ."

"ಹೌದು ಹೌದು. ಮೂರು ವರ್ಷ ಹೆಡ್‌ಲೈಟೇ ಬೇಕಾಗಿರಲಿಲ್ಲ."

ರಸ್ತೆಯಲ್ಲಿ ಹಾರ್ನ್ ಕೇಳಿಸ್ತು. ಆ ಲಾರಿ ಬಂದು ಅಡ್ಡಗಂಬದ ಮುಂದೆ ನಿಂತಿತು. ಹೆಂಗಸು ಇಂಜಿನ್ ಆಫ್ ಮಾಡದೆ ಕಿಟಕಿಯಿಂದ ಆಕಡೆ ಈಕಡೆ ನೋಡಿದಳು, ಯಾರಾದರೂ ಹತ್ತುತಾರಾ ಅಂತ. ಬಾಮೈದ ಹೊಸ ಬಣ್ಣದ ಲಾರಿನ ಎಲ್ಲ ಲಾರಿಗಳನ್ನ ನೋಡೋ ಹಾಗೆ ನೋಡಿದ, ಮಂಡಿ ಮೇಲೆ ಕೈಯೂರಿ ಎದ್ದ.

"ಕೂತ್ಕೋ. ಒಂದು ನಿಮಿಷ ಕೂತ್ಕೋ," ಅಂದ ಮೇಸ್ತ್ರಿ. ಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿ ಸ್ಪ್ರಿಂಗು ಚಾಚಿ ಹಿಡಿದ. "ಅವತ್ತು ಆ ಏರಿನಲ್ಲಿ ಲಿವರನ್ನ..."

ಬಾಮೈದ ನಗ್ತಾನೇ, ಕುಂಟ್ತಾ, ಅಡ್ಡಗಂಬದ ಕಡೆ ಆಗಲೇ ಹತ್ತು ಹೆಜ್ಜೆ ಹೋಗಿದ್ದ.

"ಲಿವರನ್ನ ಎಳೆದದ್ದು ನಿನ್ನ ಕೈ..."